ಪಿಚೋಲದ ಏರಿ

ಕೆರೆಯನ್ನು ನೋಡಹೋಗುವವರಲ್ಲಿ ಎರಡು ತೆರದವರುಂಟು. ನೀರನ್ನು ನೋಡುವವರು ಬಹುಮಂದಿ. ಏರಿಯನ್ನು ನೋಡುವವರು ವಿರಳ. ನೀರಿನಲ್ಲಿ ಆಕಾಶವಿರುವುದು, ಅರಮನೆಯ ನೆರಳಿರುವುದು, ಸಂಜೆಯ ಬಣ್ಣವಿರುವುದು. ಏರಿಯಲ್ಲಿ ಮಣ್ಣು ಕಲ್ಲುಗಳಲ್ಲದೆ ಮತ್ತೇನೂ ಕಾಣದು. ಆದರೂ ಏರಿಯಿಲ್ಲದಿದ್ದರೆ ಆ ನೀರು ನಿಲ್ಲದು. ನೀರು ನಿಲ್ಲದಿದ್ದರೆ ಆ ನೆರಳು ಬೀಳದು. ರಾಜಸ್ಥಾನದ ಉದಯಪುರವು ಸರೋವರಗಳ ನಗರವೆಂದು ದೇಶವಿದೇಶಗಳಲ್ಲಿ ಹೆಸರಾಗಿದೆ. ಆ ಹೆಸರನ್ನು ಕೇಳಿದವರು, ಬೆಟ್ಟಗಳ ನಡುವೆ ಪ್ರಕೃತಿಯೇ ತುಂಬಿಟ್ಟ ನೀರಿನ ದಡದಲ್ಲಿ ಅರಸರು ಬಂದು ಊರು ಕಟ್ಟಿದರೆಂದು ಎಣಿಸುವುದು ಸಹಜ. ವಾಸ್ತವವಾಗಿ ಆ ನಗರವನ್ನು ಬಳಸಿರುವ ಸರೋವರಗಳು ಮನುಷ್ಯರು ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಕೆರೆಗಳು. ಕನ್ನಡನಾಡಿನ ಬಯಲುಸೀಮೆಯ ಒಬ್ಬ ರೈತನನ್ನು ಕರೆದೊಯ್ದು ಪಿಚೋಲದ ಮುಂದೆ ನಿಲ್ಲಿಸಿದರೆ ಆತನು ಅದನ್ನು ಸರೋವರವೆನ್ನನು, "ಎಷ್ಟು ದೊಡ್ಡ ಕೆರೆ!" ಎನ್ನುವನು. ಆತನ ಮಾತೇ ಸರಿಯಾದುದು.

ಇತ್ತೀಚಿನ ಒಂದು ಮಾಗಿಯಲ್ಲಿ ಮೈಸೂರು ಸೀಮೆಯ ದಂಪತಿಗಳು ಈ ನಗರದ ಹಳೆಯ ಪೇಟೆಯನ್ನು ಒಂದು ಪೂರ್ಣದಿವಸ ಕಾಲ್ನಡೆಯಿಂದ ಸುತ್ತಿದರು. ಯಜಮಾನರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ವಿಶ್ರಾಂತಿ ಪಡೆದವರು. ಏರಿ, ತೂಬು, ಕೋಡಿಗಳನ್ನು ನೋಡುವುದರಲ್ಲಿಯೇ ಮೂವತ್ತು ವರ್ಷಗಳನ್ನು ಕಳೆದವರು. ಅವರ ಪತ್ನಿಯು ಹೈಸ್ಕೂಲಿನಲ್ಲಿ ಕನ್ನಡವನ್ನು ಕಲಿಸಿದವರು. ಹಾಡು, ಕಥೆ, ಗಾದೆಗಳನ್ನು ಎಲ್ಲಿ ಸಿಕ್ಕಿದರೂ ಬಿಡದವರು. ಒಬ್ಬರಿಗೆ ಅಳತೆಯಿಲ್ಲದ ಮಾತು ರುಚಿಸದು. ಇನ್ನೊಬ್ಬರಿಗೆ ಕಥೆಯಿಲ್ಲದ ಕಲ್ಲು ಹಿಡಿಸದು. ಇಂತಹ ಇಬ್ಬರು ಜೊತೆಯಾಗಿ ಪ್ರವಾಸ ಮಾಡಿದರೆ ದಾರಿ ಬೇಸರವಾಗುವುದಿಲ್ಲ. ಆದರೆ ಮಾತು ಬೇಗನೆ ಮುಗಿಯುವುದೂ ಇಲ್ಲ.

ಈ ಪ್ರವಾಸದಲ್ಲಿ ಮುಗಿಯದಿದ್ದ ಮಾತೊಂದು ಯಜಮಾನರ ಜೇಬಿನಲ್ಲಿಯೇ ಇದ್ದಿತು. ಅವರ ಹುಟ್ಟೂರಿನ ಕೆರೆಯು ಬಹುಕಾಲ ಹೂಳು ತುಂಬಿ ಹಾಳುಬಿದ್ದಿದ್ದಿತು. ಊರವರು ಒಟ್ಟುಗೂಡಿ ಹೂಳನ್ನು ತೆಗೆಯಿಸಿ ಏರಿಯನ್ನು ಭದ್ರಪಡಿಸಿದ ಮೇಲೆ ಅಲ್ಲಿ ಮತ್ತೆ ನೀರು ನಿಂತಿತು. ಏರಿಯ ಮೇಲೆ ಕಲ್ಲೊಂದನ್ನು ನೆಡಿಸಿ ಕೆರೆಯ ಚರಿತ್ರೆಯನ್ನು ನಾಲ್ಕಾರು ಪಂಕ್ತಿಗಳಲ್ಲಿ ಕೊರೆಯಿಸಬೇಕೆಂದು ನಿಶ್ಚಯಿಸಿ, ಬರೆದುಕೊಡುವ ಭಾರವನ್ನು ಇವರಿಗೆ ಒಪ್ಪಿಸಿದರು. ಇವರು ಬರೆದುದು ಚೊಕ್ಕವಾಗಿಯೇ ಇದ್ದಿತು: ಕಟ್ಟಿಸಿದ ಪಾಳೆಯಗಾರನ ಹೆಸರು, ಏರಿಯ ಉದ್ದ, ಅಚ್ಚುಕಟ್ಟಿನ ವಿಸ್ತಾರ, ಜೀರ್ಣೋದ್ಧಾರವಾದ ವರ್ಷ. ಆದರೆ ಆ ಕೆರೆಯ ತೂಬಿನ ಬಳಿ ಬೋಳುಕಲ್ಲೊಂದುಂಟು. ಏರಿ ನಿಲ್ಲದೆ ಹೋದಾಗ ಊರ ಗೌಡನ ಸೊಸೆಯನ್ನು ಕೆರೆಗೆ ಕೊಟ್ಟರೆಂದೂ, ಆ ಕಲ್ಲು ಆಕೆಯದೆಂದೂ ಊರ ಹೆಂಗಸರು ಹೇಳುವರು. ವರ್ಷಕ್ಕೊಮ್ಮೆ ಅದಕ್ಕೆ ಅರಿಸಿನ ಕುಂಕುಮವಿಟ್ಟು ದೀಪ ಹಚ್ಚುವರು. "ಆಕೆಯ ಮಾತೆಲ್ಲಿ?" ಎಂದು ಪತ್ನಿಯು ಕಾಗದವನ್ನು ಓದಿದೊಡನೆಯೇ ಕೇಳಿದ್ದರು. "ಅದಕ್ಕೆ ಆಧಾರವೇನು?" ಎಂದು ಯಜಮಾನರು ಮರುಪ್ರಶ್ನೆ ಹಾಕಿದ್ದರು. ಈ ಎರಡು ಪ್ರಶ್ನೆಗಳ ನಡುವೆ ಸಿಕ್ಕಿಕೊಂಡ ಕಾಗದವು, ಊರಿನಲ್ಲಿ ಕಲ್ಲುಕುಟಿಗನು ಕಾಯುತ್ತಿರಲು, ಅವರೊಡನೆ ರೈಲು ಹತ್ತಿ ಮೇವಾಡದವರೆಗೆ ಬಂದಿದ್ದಿತು.

ಹಳೆಯ ಪೇಟೆಯನ್ನು ಅವರು ಹಾಥೀ ಪೋಲಿನಿಂದ ಪ್ರವೇಶಿಸಿದರು. ಪೋಲ್ ಎಂದರೆ ಹೆಬ್ಬಾಗಿಲು; ಇದು ಆನೆಯ ಬಾಗಿಲು. ಸೂರ್ಯನ ಹೆಸರಿನ ಸೂರಜ್ ಪೋಲ್, ಚಂದ್ರನ ಹೆಸರಿನ ಚಾಂದ್ ಪೋಲ್ ಮೊದಲಾದವು ಇದರ ಒಡಹುಟ್ಟುಗಳು. ಒಳಗೆ ಕಾಲಿಟ್ಟರೆ ಬೀದಿಯು ಏರುತ್ತ ಇಳಿಯುತ್ತ, ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುತ್ತ ಸಾಗುವುದು. ಕಚೋರಿಯನ್ನು ಕರಿಯುವ ಅಂಗಡಿಯ ಹೊಗೆ, ಬೆಳ್ಳಿಯ ಕೆಲಸದವರ ಸುತ್ತಿಗೆಯ ಸದ್ದು, ಬಣ್ಣದ ಪಗಡಿಗಳನ್ನು ಸಾಲಾಗಿ ತೂಗಹಾಕಿದ ಮಳಿಗೆಗಳು, ದಾರಿಗೆ ಅಡ್ಡಲಾಗಿ ನಿಂತು ಯಾರಿಗೂ ಜಗ್ಗದ ಹಸು, ಅದರ ಹಿಂದೆ ಹಾರನ್ನು ಒತ್ತುತ್ತ ನಿಂತ ಮೋಟಾರುಸೈಕಲ್ಲುಗಳು. ಸುಣ್ಣ ಬಳಿದ ಮನೆಗಳ ಬಾಗಿಲಿನ ಎರಡು ಕಡೆಯೂ ಆನೆ, ಕುದುರೆ, ಸವಾರರ ಚಿತ್ರಗಳನ್ನು ಬರೆದಿರುವರು. ಮನೆಯಲ್ಲಿ ಮದುವೆ ನಡೆದಾಗ ಇವನ್ನು ಬರೆಯಿಸುವ ಪದ್ಧತಿಯುಂಟು. ಕೆಲವು ಚಿತ್ರಗಳು ಹೊಸವು. ಕೆಲವು ಮಳೆಬಿಸಿಲುಗಳಿಗೆ ಮಾಸಿ ಆನೆಯ ಸೊಂಡಿಲು ಮಾತ್ರ ಉಳಿದಿರುವುದು. "ಈ ಮನೆಯ ಮಗಳು ಹೋಗಿ ಬಹಳ ವರ್ಷವಾಗಿರಬೇಕು," ಎಂದು ಪತ್ನಿಯು ಅಂತಹ ಒಂದು ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತರು.

1887ರಲ್ಲಿ ಕಟ್ಟಿದ ಗಡಿಯಾರದ ಗೋಪುರವನ್ನು ದಾಟಿ ಮುಂದೆ ನಡೆದರೆ ಬೀದಿಯು ಏರುತ್ತ ಹೋಗಿ ಜಗದೀಶ ದೇವಾಲಯದ ಚೌಕವನ್ನು ಸೇರುವುದು. ಮಹಾರಾಣಾ ಮೊದಲನೆಯ ಜಗತ್ಸಿಂಹನು 1651ರಲ್ಲಿ ಪೂರೈಸಿದ ಈ ವಿಷ್ಣುಮಂದಿರಕ್ಕೆ ಬೀದಿಯಿಂದ 32 ಕಡಿದಾದ ಮೆಟ್ಟಿಲುಗಳನ್ನು ಹತ್ತಬೇಕು. ಎದುರಿನ ಮಂಟಪದಲ್ಲಿ ಹಿತ್ತಾಳೆಯ ಗರುಡನು ಕೈಮುಗಿದು ಕುಳಿತಿರುವನು. ಒಳಗೆ ಕರಿಯ ಕಲ್ಲಿನ ಚತುರ್ಭುಜ ಮೂರ್ತಿ. ಹೊರಗೋಡೆಯಲ್ಲಿ ಸಾಲುಸಾಲಾಗಿ ಆನೆಗಳು, ಕುದುರೆಗಳು, ನರ್ತಕಿಯರು. ಅರಸನ ವಂಶವನ್ನು ಹೊಗಳುವ ಸಂಸ್ಕೃತ ಪ್ರಶಸ್ತಿಯನ್ನು ಅಲ್ಲಿ ಕಲ್ಲಿನಲ್ಲಿ ಕೊರೆದಿರುವರು. ಕಟ್ಟಿದ ಸೂತ್ರಧಾರರಾದ ಭಾಣಾ ಮತ್ತು ಆತನ ಮಗ ಮುಕುಂದ ಇವರ ಹೆಸರುಗಳೂ ಉಳಿದುಬಂದಿವೆ.

ಯಜಮಾನರಿಗೆ ಇದು ಬಹಳ ಹಿಡಿಸಿತು. "ನೋಡಿದೆಯಾ, ಶಿಲ್ಪಿಯ ಹೆಸರೂ ಉಳಿದಿದೆ. ಬರೆದಿಟ್ಟದ್ದು ಉಳಿಯುತ್ತದೆ. ಆದ್ದರಿಂದಲೇ ಬರೆಯುವಾಗ ಖಂಡಿತವಾದದ್ದನ್ನೇ ಬರೆಯಬೇಕು ಎನ್ನುವುದು," ಎಂದರು.

ಪತ್ನಿಯು ಮೆಟ್ಟಿಲಿಳಿಯುತ್ತ, "ಶಿಲ್ಪಿಯದು ಉಳಿಯಿತು, ಒಪ್ಪಿದೆ. ಈ ಕಲ್ಲುಗಳನ್ನು ಬೆಟ್ಟದಿಂದ ಹೊತ್ತು ತಂದವರದು?" ಎಂದರು. ಮೂವತ್ತೆರಡು ಮೆಟ್ಟಿಲುಗಳನ್ನು ಹತ್ತಿಳಿದಿದ್ದ ಯಜಮಾನರಿಗೆ ಕೂಡಲೆ ಉತ್ತರ ಕೊಡುವಷ್ಟು ಉಸಿರಿರಲಿಲ್ಲ.

ಉದಯಪುರದ ಹುಟ್ಟಿನ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಮೇವಾಡದ ಹಿಂದಿನ ರಾಜಧಾನಿಯಾದ ಚಿತ್ತೋಡದ ಕೋಟೆಯು ಬೆಟ್ಟದ ಮೇಲಿದ್ದು ಅಭೇದ್ಯವೆನಿಸಿದ್ದರೂ, ಶತ್ರುಗಳು ಸುತ್ತುಗಟ್ಟಿ ಕುಳಿತರೆ ಒಳಗಿನವರಿಗೆ ಬೇರೆ ದಾರಿಯಿರಲಿಲ್ಲ. ಮಹಾರಾಣಾ ಎರಡನೆಯ ಉದಯಸಿಂಹನು ಅರಾವಳಿಯ ಬೆಟ್ಟಗಳ ಮರೆಯಲ್ಲಿ 1559ರಲ್ಲಿ ಈ ಹೊಸ ನಗರಕ್ಕೆ ತಳಹದಿ ಹಾಕಿದನೆಂದು ಸಾಮಾನ್ಯವಾಗಿ ಹೇಳುವರು. 1568ರಲ್ಲಿ ಅಕ್ಬರನು ಚಿತ್ತೋಡವನ್ನು ಹಿಡಿದಾಗ ಆತನ ಮುಂದಾಲೋಚನೆಯ ಬೆಲೆ ಗೊತ್ತಾಯಿತು. ಆದರೆ ಉದಯಸಿಂಹನು ಬರುವುದಕ್ಕೆ ನೂರೈವತ್ತು ವರ್ಷಗಳಿಗೂ ಹಿಂದೆಯೇ ಅಲ್ಲಿ ಕೆರೆಯಿದ್ದಿತು. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ, ಮಹಾರಾಣಾ ಲಾಖಾನ ಕಾಲದಲ್ಲಿ, ಒಬ್ಬ ಬಣಜಾರನು ಅದನ್ನು ಕಟ್ಟಿಸಿದನೆಂಬುದು ಪರಂಪರೆ. ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ಊರಿಂದೂರಿಗೆ ಸಾಗುತ್ತಿದ್ದ ಆ ವ್ಯಾಪಾರಿಯು, ಹಳ್ಳವನ್ನು ದಾಟುವ ಅನುಕೂಲಕ್ಕಾಗಿ ಅಡ್ಡಗಟ್ಟೆಯನ್ನು ಹಾಕಿಸಿದನಂತೆ. ಪಕ್ಕದ ಪಿಚೋಲಿ ಎಂಬ ಹಳ್ಳಿಯಿಂದ ಕೆರೆಗೆ ಹೆಸರು ಬಂದಿತು. ಉದಯಸಿಂಹನು ಆ ಕಟ್ಟೆಯನ್ನು ಎತ್ತರಿಸಿ ಭದ್ರಪಡಿಸಿದನು. ಎಂದರೆ, ಅರಸನು ಕೆರೆಯನ್ನು ಉಂಟುಮಾಡಲಿಲ್ಲ. ಕೆರೆಯೇ ಅರಸನನ್ನು ಕರೆದು ಕೂರಿಸಿಕೊಂಡಿತು.

ಬಣಜಾರರು ಕನ್ನಡಿಗರಿಗೆ ಅಪರಿಚಿತರಲ್ಲ. ಕನ್ನಡನಾಡಿನಲ್ಲಿ ಲಂಬಾಣಿಗಳೆಂದು ಕರೆಯುವ ಜನರು ಇದೇ ಬಳಗದವರು. ಸೈನ್ಯಗಳಿಗೆ ಧಾನ್ಯವನ್ನು ಒದಗಿಸುತ್ತ ಎತ್ತಿನ ಹಿಂಡುಗಳೊಡನೆ ದಖ್ಖಣಕ್ಕೆ ಬಂದು ಇಲ್ಲಿಯ ತಾಂಡಾಗಳಲ್ಲಿ ನೆಲಸಿದ ಅವರ ನುಡಿಯಲ್ಲಿ ರಾಜಸ್ಥಾನದ ಮಾತಿನ ಚಹರೆ ಇಂದಿಗೂ ಉಳಿದಿದೆ. ಆದರೆ ಪಿಚೋಲವನ್ನು ಕಟ್ಟಿಸಿದ ಬಣಜಾರನು ಯಾರು, ಎಲ್ಲಿಂದ ಬಂದನು, ಎಲ್ಲಿ ಸತ್ತನು ಎಂಬುದನ್ನು ಹೇಳುವ ಪ್ರಶಸ್ತಿಯಾವುದೂ ದೇವಾಲಯದ ಬಾಗಿಲಲ್ಲಿ ಕೊರೆದಿಲ್ಲ. ನಗರಕ್ಕೆ ಉದಯಸಿಂಹನ ಹೆಸರು. ಕೆರೆಗೆ ಹಳ್ಳಿಯ ಹೆಸರು. ಕಟ್ಟಿಸಿದವನಿಗೆ ಜಾತಿಯ ಹೆಸರು ಮಾತ್ರ.

ದೇವಾಲಯದಿಂದ ಕೂಗಳತೆಯಲ್ಲಿ ಅರಮನೆ. ಬಡೀ ಪೋಲನ್ನು ದಾಟಿ ತ್ರಿಪೋಲಿಯದ ಕಡೆಗೆ ನಡೆಯುವಾಗ ಒಂದು ಬದಿಯಲ್ಲಿ ಎಂಟು ಅಮೃತಶಿಲೆಯ ತೋರಣಗಳು ಕಾಣುವುವು. ಮಹಾರಾಣರನ್ನು ಚಿನ್ನ ಬೆಳ್ಳಿಗಳಿಂದ ತೂಗಿ ಆ ದ್ರವ್ಯವನ್ನು ದಾನಮಾಡುತ್ತಿದ್ದುದು ಇಲ್ಲಿಯೇ. ಮುಂದೆ ನಿಲ್ಲುವ ಅರಮನೆಯು ಒಂದು ಕಾಲದ ಕಟ್ಟಡವಲ್ಲ. ನಾಲ್ಕು ಶತಮಾನಗಳಲ್ಲಿ ಒಬ್ಬರಾದ ಮೇಲೊಬ್ಬರು ಸೇರಿಸುತ್ತ ಹೋದ ಮಹಲುಗಳ ಸಾಲು. ಅದರ ಮುಖದ ಉದ್ದ ಸುಮಾರು 244 ಮೀಟರು, ಎತ್ತರ 30 ಮೀಟರು. ಎಲ್ಲಕ್ಕಿಂತ ಮೇಲೆ, ನಾಲ್ಕನೆಯ ಅಂತಸ್ತಿನಲ್ಲಿ, ದೊಡ್ಡ ಮರಗಳಿರುವ ತೋಟವೊಂದುಂಟು. ನೋಡಿದವರು ಬೆರಗಾಗುವರು. ಯಜಮಾನರು ಮಾತ್ರ ಬಗ್ಗಿ ನೆಲವನ್ನು ನೋಡಿ ನಕ್ಕರು. ಮಾಳಿಗೆಯ ಮೇಲೆ ತೋಟವನ್ನು ಬೆಳೆಸಿದ್ದಲ್ಲ. ಅದು ಗುಡ್ಡದ ನೆತ್ತಿ. ಗುಡ್ಡವನ್ನು ಕಡಿಯದೆ ಅದರ ಸುತ್ತಲೂ ಅರಮನೆಯನ್ನು ಏರಿಸುತ್ತ ಬಂದಿದ್ದರಿಂದ ನೆಲವೇ ನಾಲ್ಕನೆಯ ಅಂತಸ್ತಾಯಿತು. "ಇದ್ದುದನ್ನು ಕೆಡಿಸದೆ ಕಟ್ಟಿದ ಬುದ್ಧಿವಂತಿಕೆ," ಎಂದು ಅವರು ಮನಸಾರ ಮೆಚ್ಚಿದರು.

ಮೇವಾಡದ ಅರಸರು ತಮ್ಮನ್ನು ರಾಜ್ಯದ ಒಡೆಯರೆಂದು ಹೇಳಿಕೊಳ್ಳುತ್ತಿರಲಿಲ್ಲ. ರಾಜ್ಯವು ಏಕಲಿಂಗಜೀಯದು, ಮಹಾರಾಣನು ಆ ದೇವರ ದಿವಾನನು ಮಾತ್ರ. ಉದಾತ್ತವಾದ ಭಾವನೆ. ಆದರೆ ಅದೇ ಅರಮನೆಯ ಕೃಷ್ಣವಿಲಾಸವೆಂಬ ಕೋಣೆಯು ಬೇರೊಂದು ಕಥೆಯನ್ನು ಹೇಳುವುದು. ಮಹಾರಾಣಾ ಭೀಮಸಿಂಹನ ಮಗಳಾದ ಕೃಷ್ಣಕುಮಾರಿಯ ಕೈಹಿಡಿಯಲು ಜಯಪುರ ಜೋಧಪುರಗಳ ಅರಸರಿಬ್ಬರು ಹೊಡೆದಾಡಿದರು. ರಾಜ್ಯವು ಹಾಳಾಗುವುದೆಂಬ ಭಯದಿಂದ, ಇಬ್ಬರಿಗೂ ಕೊಡದೆ ಉಳಿಯುವ ದಾರಿಯನ್ನು ಹಿರಿಯರು ಹುಡುಕಿದರು. 1810ರಲ್ಲಿ, ಹದಿನಾರರ ಪ್ರಾಯದಲ್ಲಿ, ಆ ಹುಡುಗಿಯು ವಿಷವನ್ನು ಕುಡಿದು ಸತ್ತಳು. ಎಂಟು ವರ್ಷಗಳ ತರುವಾಯ ಇಂಗ್ಲಿಷರ ಪ್ರತಿನಿಧಿಯಾಗಿ ಉದಯಪುರಕ್ಕೆ ಬಂದ ಜೇಮ್ಸ್ ಟಾಡನು ತನ್ನ ರಾಜಸ್ಥಾನದ ಚರಿತ್ರೆಯಲ್ಲಿ ಇದನ್ನು ವಿಸ್ತಾರವಾಗಿ ಬರೆದಿರುವನು. ಪತ್ನಿಯು ಆ ಕೋಣೆಯಿಂದ ಮಾತಿಲ್ಲದೆ ಹೊರಬಂದರು. ಯಜಮಾನರೂ ಆಗ ಆಧಾರದ ಮಾತನ್ನು ಎತ್ತಲಿಲ್ಲ; ಇದಕ್ಕೆ ಆಧಾರವಿದ್ದಿತು.

ಮಧ್ಯಾಹ್ನದ ಊಟವಾದ ಮೇಲೆ ಅವರು ಕೆರೆಯ ದಡಕ್ಕೆ ಇಳಿದು ಗಣಗೌರ್ ಘಾಟಿಗೆ ಬಂದರು. ಮೂರು ಕಮಾನಿನ ಬಿಳಿಯ ಬಾಗಿಲಿನಾಚೆ ಮೆಟ್ಟಿಲುಗಳು, ಮೆಟ್ಟಿಲುಗಳಾಚೆ ನೀರು. ಚೈತ್ರಮಾಸದಲ್ಲಿ ಇಲ್ಲಿಯ ಹೆಂಗಸರು ಈಸರ ಗೌರಿಯರ ಬಣ್ಣದ ಪ್ರತಿಮೆಗಳನ್ನು ತಲೆಯ ಮೇಲಿಟ್ಟುಕೊಂಡು ಮೆರವಣಿಗೆಯಲ್ಲಿ ಈ ಘಾಟಿಗೆ ಬರುವರು. ಭಾದ್ರಪದದ ಗೌರಿಯನ್ನು ಬಾಗಿನದೊಡನೆ ಪೂಜಿಸಿ ನೀರಿಗೆ ಬಿಡುವ ಮೈಸೂರಿನ ಗೃಹಿಣಿಗೆ ಇದು ಹೊರಗಿನ ಹಬ್ಬವಾಗಿ ತೋರಲಿಲ್ಲ. ತಿಂಗಳು ಬೇರೆ, ತವರಿಗೆ ಬಂದು ಹೋಗುವ ಮಗಳು ಒಬ್ಬಳೇ.

ಘಾಟಿಗೆ ತಗುಲಿದಂತೆ ನಿಂತಿರುವುದು ಬಾಗೋರ್ ಕೀ ಹವೇಲಿ. ಹದಿನೆಂಟನೆಯ ಶತಮಾನದಲ್ಲಿ ಮೇವಾಡದ ಪ್ರಧಾನಿಯಾಗಿದ್ದ ಅಮರಚಂದ ಬಡವಾ ಎಂಬವನು ಇದನ್ನು ಕಟ್ಟಿಸಿದನು. ನೂರಕ್ಕೂ ಮಿಗಿಲಾದ ಕೋಣೆಗಳು, ಒಂದರೊಳಗೊಂದು ತೆರೆಯುವ ತೊಟ್ಟಿಗಳು, ಬಣ್ಣದ ಗಾಜಿನ ಚೂರುಗಳಿಂದ ಗೋಡೆಯಲ್ಲಿ ರಚಿಸಿದ ನವಿಲುಗಳು. ಸ್ವಾತಂತ್ರ್ಯಾನಂತರ ಬಹುಕಾಲ ಕಡೆಗಣನೆಗೆ ಗುರಿಯಾಗಿದ್ದ ಇದನ್ನು 1986ರಲ್ಲಿ ಪಶ್ಚಿಮ ವಲಯ ಸಾಂಸ್ಕೃತಿಕ ಕೇಂದ್ರವು ವಹಿಸಿಕೊಂಡು ಜೀರ್ಣೋದ್ಧಾರ ಮಾಡಿತು. ಇಷ್ಟು ದೊಡ್ಡ ಮನೆಯನ್ನು ಕಟ್ಟಿಸಿದ ಪ್ರಧಾನಿಯು ತೀರಿಕೊಂಡಾಗ ಶವಸಂಸ್ಕಾರಕ್ಕೂ ಹಣವಿರದೆ ಊರವರೇ ಅದನ್ನು ಒದಗಿಸಿದರೆಂದು ಟಾಡನು ಬರೆದಿರುವನು. ರಾಜ್ಯದ ಬೊಕ್ಕಸವು ಕೈಯಲ್ಲಿದ್ದೂ ತನಗೆಂದು ಏನನ್ನೂ ಉಳಿಸಿಕೊಳ್ಳದವನಿಗೆ ಊರು ತನ್ನ ಋಣವನ್ನು ತೀರಿಸಿತು. ಉಪ್ಪರಿಗೆಯ ಕಿಟಕಿಯಿಂದ ನೀರನ್ನು ನೋಡುತ್ತ ಯಜಮಾನರು ಇದನ್ನು ಎರಡು ಸಲ ಹೇಳಿದರು. ಸರಕಾರಿ ಕೆಲಸದಲ್ಲಿ ಆಯುಷ್ಯವನ್ನು ಕಳೆದವರಿಗೆ ಈ ಸಂಗತಿಯ ತೂಕ ಹೆಚ್ಚಾಗಿಯೇ ಗೊತ್ತಾಗುವುದು.

ಬಿಸಿಲು ಇಳಿಮೊಗವಾದಾಗ ದೋಣಿಯನ್ನು ಹತ್ತಿದರು. ನೀರಿನ ನಡುವೆ ತೇಲುವಂತೆ ತೋರುವ ಜಗನಿವಾಸವನ್ನು ಎರಡನೆಯ ಜಗತ್ಸಿಂಹನು 1743ರಿಂದ 1746ರವರೆಗೆ ಕಟ್ಟಿಸಿದನು. ಅರಸರ ಬೇಸಗೆಯ ವಿಹಾರಸ್ಥಾನವಾಗಿದ್ದ ಅದು 1960ರ ದಶಕದಲ್ಲಿ ಹೋಟೆಲಾಯಿತು. ಅದಕ್ಕೆ ದಕ್ಷಿಣದಲ್ಲಿರುವ ಜಗಮಂದಿರವು ಇನ್ನೂ ಹಳೆಯದು. ತಂದೆಯಾದ ಜಹಾಂಗೀರನಿಗೆ ತಿರುಗಿಬಿದ್ದ ರಾಜಕುಮಾರ ಖುರ್ರಮನು, ಮುಂದೆ ಶಾಹಜಹಾನನೆಂದು ಹೆಸರಾದವನು, ಅಲ್ಲಿ ಆಶ್ರಯವನ್ನು ಪಡೆದಿದ್ದನು. 1857ರ ದಂಗೆಯಲ್ಲಿ ನೀಮಚದಿಂದ ಓಡಿಬಂದ ಐರೋಪ್ಯ ಹೆಂಗಸರು ಮಕ್ಕಳಿಗೂ ಮಹಾರಾಣಾ ಸ್ವರೂಪಸಿಂಹನು ಆ ದ್ವೀಪದಲ್ಲಿಯೇ ರಕ್ಷಣೆಯನ್ನು ಕೊಟ್ಟನು. ಮೊಗಲರೊಡನೆ ತಲೆಮಾರುಗಳವರೆಗೆ ಕಾದಿದ ಮನೆತನವು ಮೊಗಲನ ಮಗನನ್ನು ಮರೆಹೊಗಿಸಿಕೊಂಡುದು ಪಿಚೋಲದ ಕೀರ್ತಿಗಳಲ್ಲಿ ಒಂದು.

ಅಂಬಿಗನು ಹುಟ್ಟು ನಿಲ್ಲಿಸಿ ನೀರಿನ ನಡುವೆ ಬರಿಯ ಜಗಲಿಯೊಂದನ್ನು ತೋರಿಸಿದನು. "ಅದು ನಟನಿಯ ಚಬೂತರಾ, ಹುಕುಮ್," ಎಂದು ತನ್ನ ಹಿಂದಿಯಲ್ಲಿ ಕಥೆಯನ್ನು ತೊಡಗಿದನು. ಮಹಾರಾಣಾ ಜವಾನಸಿಂಹನ ಕಾಲದಲ್ಲಿ ಹಗ್ಗದ ಮೇಲೆ ನಡೆಯುವ ಒಬ್ಬ ನಟನಿಯಿದ್ದಳು. ಕೆರೆಯ ಆ ದಡದಿಂದ ಈ ದಡಕ್ಕೆ ಹಗ್ಗದ ಮೇಲೆ ನಡೆದುಬಂದರೆ ಅರ್ಧರಾಜ್ಯವನ್ನು ಕೊಡುವೆನೆಂದು ಅರಸನು ಮಾತುಕೊಟ್ಟನು. ಆಕೆ ನಡೆದಳು. ಇನ್ನೇನು ಈ ದಡವನ್ನು ಮುಟ್ಟುವಳೆನ್ನುವಷ್ಟರಲ್ಲಿ, ರಾಜ್ಯವು ಕೈಬಿಡುವುದೆಂದು ಹೆದರಿದ ಅರಸನ ಕಡೆಯವರು ಹಗ್ಗವನ್ನು ಕೊಯ್ದರು. ನೀರಿಗೆ ಬೀಳುತ್ತ ಆಕೆಯು, "ಈ ಗಾದಿಗೆ ಹೊಟ್ಟೆಯ ಮಗನು ಬಾರದಿರಲಿ," ಎಂದು ಶಪಿಸಿದಳು. ಕಥೆಯನ್ನು ಹೇಳುವವರಲ್ಲಿ ಆಕೆಯ ಹೆಸರು ಒಬ್ಬರ ಬಾಯಲ್ಲಿದ್ದಂತೆ ಇನ್ನೊಬ್ಬರ ಬಾಯಲ್ಲಿರದು. ಹಲವರಿಗೆ ಆಕೆ ಬರಿಯ ನಟನಿ.

ಯಜಮಾನರು ತಲೆಯಾಡಿಸಿದರು. "ಅಷ್ಟು ದೂರಕ್ಕೆ ಹಗ್ಗವನ್ನು ಎಳೆದು ಕಟ್ಟಿದರೆ ಅದು ತನ್ನ ಭಾರಕ್ಕೇ ನಡುವೆ ಜೋತುಬಿದ್ದು ನೀರನ್ನು ಮುಟ್ಟುತ್ತದೆ. ಇದು ನಡೆದಿರಲಾರದು. 1838ರಲ್ಲಿ ಜವಾನಸಿಂಹ ಮಕ್ಕಳಿಲ್ಲದೆ ಸತ್ತದ್ದು ನಿಜ. ಆ ವರ್ಷದಿಂದ 1884ರವರೆಗೆ ಐದು ಸಲ ಗಾದಿ ಮಗನಿಗೆ ಹೋಗದೆ ದಾಯಾದಿಗಳ ಮನೆಯಿಂದ ತಂದವರಿಗೆ ಹೋದದ್ದೂ ನಿಜ. ಅದನ್ನು ನೋಡಿದ ಜನ ಹಿಂದಿನಿಂದ ಶಾಪವನ್ನು ಕಟ್ಟಿದ್ದಾರೆ, ಅಷ್ಟೆ."

"ಇರಬಹುದು," ಎಂದರು ಪತ್ನಿ. "ಹಗ್ಗದ ಲೆಕ್ಕ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಆದರೆ ಒಂದನ್ನು ನೋಡಿ. ಅನ್ನ ಹಾಕಿದ ಅರಸನ ಊರಿನಲ್ಲಿ, ಅರಸನ ಅರಮನೆಯ ಎದುರಿಗೇ, ಜನ ಅರಸನ ಪಕ್ಷವನ್ನು ಹಿಡಿಯಲಿಲ್ಲ. ಆಕೆಯ ಪಕ್ಷವನ್ನು ಹಿಡಿದರು. ಸುಮಾರು ಇನ್ನೂರು ವರ್ಷದಿಂದ ಅದನ್ನು ಬಿಟ್ಟೂ ಇಲ್ಲ. ನಮ್ಮ ಕಡೆ ಹಾಗೆಯೇ ಅಲ್ಲವೆ? 'ಕೆರೆಗೆ ಹಾರ'ವನ್ನು ಹಾಡುವವರಿಗೆ ಭಾಗೀರಥಿಯ ಮಾವನ ಏರಿಯ ಉದ್ದ ಗೊತ್ತಿಲ್ಲ, ಭಾಗೀರಥಿ ಗೊತ್ತು. ಬೆಳಿಗ್ಗೆ ನೋಡಿದ ರಾಜನ ಮಗಳಿಗೆ ದಾಖಲೆ ಇದೆ, ಒಪ್ಪಿದಿರಿ. ಹಗ್ಗದ ಮೇಲೆ ಆಡುವವಳಿಗೆ ಇಲ್ಲ, ಒಪ್ಪುವುದಿಲ್ಲ. ಹಾಗಾದರೆ ದಾಖಲೆ ಎನ್ನುವುದು ಸತ್ಯದ ಅಳತೆಯೋ ಮನೆತನದ ಅಳತೆಯೋ?"

ಅಂಬಿಗನಿಗೆ ಕನ್ನಡ ತಿಳಿಯದಿದ್ದರೂ ಮಾತಿನ ಬಿಸಿ ತಿಳಿಯಿತು. ಆತನು ನಗುತ್ತ ದೋಣಿಯನ್ನು ದಡಕ್ಕೆ ತಿರುಗಿಸಿದನು. ಯಜಮಾನರು ಉತ್ತರ ಕೊಡಲಿಲ್ಲ. ಸೋತು ಸುಮ್ಮನಾದರೆಂದು ಹೇಳಲಾಗದು. ಲೆಕ್ಕವೊಂದು ಸರಿಹೊಂದದಿದ್ದಾಗ ಅವರು ಹಾಗೆಯೇ ಸುಮ್ಮನಾಗುತ್ತಿದ್ದರು.

ಇಳಿಹೊತ್ತಿನಲ್ಲಿ, ಪ್ರವಾಸಿಗಳೆಲ್ಲರೂ ಸೂರ್ಯಾಸ್ತವನ್ನು ನೋಡಲು ಒಳ್ಳೆಯ ಸ್ಥಳವನ್ನು ಹಿಡಿಯುತ್ತಿದ್ದಾಗ, ಯಜಮಾನರು ಅರಮನೆಯ ದಕ್ಷಿಣಕ್ಕೆ ನಡೆದು ಬಡೀ ಪಾಲಿಗೆ ಬಂದರು. ಪಾಲ್ ಎಂದರೆ ಏರಿ. ಇದು ಪಿಚೋಲದ ಹಿರಿಯ ಏರಿ. ಒಂದು ಕಡೆ ತುಂಬಿದ ನೀರು. ಇನ್ನೊಂದು ಕಡೆ, ನೀರಿನ ಮಟ್ಟಕ್ಕಿಂತ ಎಷ್ಟೋ ತಗ್ಗಿನಲ್ಲಿ, ಮಹಾರಾಣಾ ಸಜ್ಜನಸಿಂಹನ ಹೆಸರಿನ ಉದ್ಯಾನದ ಮರಗಳ ನೆತ್ತಿ. ಅಲ್ಲಿ ನಿಂತಾಗ ಈ ನಗರದ ಗುಟ್ಟು ತಾನಾಗಿಯೇ ತಿಳಿಯುವುದು. ಊರು ನೀರಿನ ದಡದಲ್ಲಿದೆಯೆನ್ನುವುದು ಅರ್ಧಸತ್ಯ; ಊರಿನ ಒಂದು ಭಾಗವು ನೀರಿನ ಕೆಳಗಿದೆ, ನಡುವೆ ಈ ಮಣ್ಣುಕಲ್ಲುಗಳ ಗೋಡೆ ಇದೆ. 1795ರ ಅತಿವೃಷ್ಟಿಯಲ್ಲಿ ಈ ಏರಿಯು ಒಡೆದು ನಗರದ ಬಹುಭಾಗವನ್ನು ಕೊಚ್ಚಿಕೊಂಡುಹೋಯಿತೆಂದು ಹಳೆಯ ದಾಖಲೆಗಳು ಹೇಳುವುವು. ಆ ತರುವಾಯ ಇದನ್ನು ಮತ್ತೆ ಬಲಪಡಿಸಿದರು.

ನೀರು ಹೆಚ್ಚಿದರೆ ಒಂದು ಕಷ್ಟ, ಬಾರದಿದ್ದರೆ ಇನ್ನೊಂದು. ಪಿಚೋಲಕ್ಕೆ ಮುಖ್ಯವಾಗಿ ನೀರನ್ನು ತರುವುದು ಸೀಸಾರಮಾ ಎಂಬ ಸಣ್ಣ ಹೊಳೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 60 ಸೆಂಟಿಮೀಟರು. ಅದೂ ಕೆಲವೇ ವಾರಗಳಲ್ಲಿ. ಆದುದರಿಂದಲೇ ಇಲ್ಲಿಯವರು ಒಂದು ಕೆರೆಯನ್ನು ಕಟ್ಟಿ ಸುಮ್ಮನಾಗಲಿಲ್ಲ. ಪಿಚೋಲ, ಸ್ವರೂಪಸಾಗರ, ಫತೇಸಾಗರಗಳನ್ನು ಕಾಲುವೆಗಳಿಂದ ಹೆಣೆದು, ಒಂದರಲ್ಲಿ ಮಿಕ್ಕ ನೀರು ಇನ್ನೊಂದಕ್ಕೆ ಸಲ್ಲುವಂತೆ ಮಾಡಿದರು. ಅಲ್ಲಿಂದ ಹೊರಬಿದ್ದ ನೀರು ಆಯಡ್ ಹೊಳೆಯನ್ನು ಸೇರಿ, ಉದಯಸಾಗರವನ್ನು ಹೊಕ್ಕು, ಬೇಡಚ್, ಬನಾಸ್, ಚಂಬಲ್, ಯಮುನೆಗಳ ಮೂಲಕ ಗಂಗೆಯನ್ನು ಮುಟ್ಟುವುದು. ಬಣಜಾರನು ಎತ್ತುಗಳ ಕಾಲು ನೆನೆಯದಿರಲೆಂದು ತಡೆದ ಹಳ್ಳದ ನೀರಿಗೆ ಇಷ್ಟು ದೊಡ್ಡ ಬಂಧುಬಳಗವಿದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳ ಬರಗಾಲದಲ್ಲಿ ಪಿಚೋಲವು ಬತ್ತಿ, ದೋಣಿಯಲ್ಲಿ ಹೋಗಬೇಕಾದ ಜಗನಿವಾಸಕ್ಕೆ ಜನರು ಬಿರುಕುಬಿಟ್ಟ ನೆಲದ ಮೇಲೆ ನಡೆದುಹೋದರು. ಆಗ ನೀರಿನ ನೆರಳಿನಿಂದ ಬಾಳುತ್ತಿದ್ದ ಹೋಟೆಲುಗಳು, ದೋಣಿಗಳು, ಅಂಗಡಿಗಳು ಎಲ್ಲವೂ ಏರಿಯ ಋಣವನ್ನು ನೆನೆದವು. ಇಂದು ಬೆಟ್ಟದಾಚೆಯ ನೀರನ್ನು ಸುರಂಗದ ಮೂಲಕ ತರುವ ವ್ಯವಸ್ಥೆಯೂ ಉಂಟು. ಊರಿನ ಕೆಲವರು ರಜೆಯ ದಿನಗಳಲ್ಲಿ ನೀರಿಗಿಳಿದು ಕಸವನ್ನು ಎತ್ತುವರು. ಜೌಗುನೆಲಗಳ ರಕ್ಷಣೆಗಾಗಿ ಏರ್ಪಟ್ಟ ರಾಮ್ಸಾರ್ ಒಡಂಬಡಿಕೆಯು 2025ರಲ್ಲಿ ಇಂದೂರಿನೊಡನೆ ಉದಯಪುರವನ್ನೂ ಮಾನ್ಯತೆಯ ನಗರಗಳ ಪಟ್ಟಿಗೆ ಸೇರಿಸಿತು. ಭಾರತದಿಂದ ಆ ಪಟ್ಟಿಗೆ ಮೊದಲು ಸೇರಿದವು ಇವೆರಡೇ. ಆದರೂ ಏರಿಯ ಬುಡದಲ್ಲಿ ಅಂದು ಸಂಜೆಯೂ ಪ್ಲಾಸ್ಟಿಕ್ಕಿನ ಬಾಟಲಿಗಳು ತೇಲುತ್ತಿದ್ದವು. ಮಾನ್ಯತೆಯು ನಗರಕ್ಕೆ ಬರುವುದು ಒಂದು ದಿನ. ಕಸವು ಕೆರೆಗೆ ಬರುವುದು ಪ್ರತಿದಿನ.

ಏರಿಯ ಮೇಲಿನ ಕಟ್ಟೆಯಲ್ಲಿ ಕುಳಿತು ಯಜಮಾನರು ಜೇಬಿನ ಕಾಗದವನ್ನು ತೆಗೆದರು. ಬಹಳ ಹೊತ್ತು ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡಿದ್ದು, ಕೊನೆಗೆ ಹೇಳಿದರು: "ಹೆಣ್ಣುಮಗಳೊಬ್ಬಳನ್ನು ಕೆರೆಗೆ ಕೊಟ್ಟರು ಎಂದು ನಾನು ಬರೆಯಲಾರೆ. ನಾನು ನೋಡಿಲ್ಲ, ನೋಡಿದವರು ಬರೆದಿಟ್ಟಿಲ್ಲ. ಆದರೆ ಊರ ಹೆಂಗಸರು ತೂಬಿನ ಕಲ್ಲಿಗೆ ದೀಪ ಹಚ್ಚುವುದನ್ನು ಚಿಕ್ಕಂದಿನಿಂದ ನಾನೇ ನೋಡಿದ್ದೇನೆ. ನನ್ನ ತಾಯಿಯೂ ಹಚ್ಚುತ್ತಿದ್ದಳು. ಅದಕ್ಕೆ ಬೇರೆ ಆಧಾರ ಬೇಕಾಗಿಲ್ಲ."

ಹೀಗೆಂದು, ಪಾಳೆಯಗಾರನ ಹೆಸರಿನ ಕೆಳಗೆ ಒಂದು ಪಂಕ್ತಿಯನ್ನು ಸೇರಿಸಿದರು: ಈ ಏರಿಗೆ ತನ್ನನ್ನು ಕೊಟ್ಟವಳೆಂದು ಊರವರು ನಂಬಿ ವರ್ಷವರ್ಷವೂ ದೀಪವಿಟ್ಟು ನೆನೆಯುವ ತಾಯಿಯ ಕಲ್ಲು ತೂಬಿನ ಬಳಿ ಇದೆ. ಪತ್ನಿಯು ಅದನ್ನು ಓದಿ ಒಂದು ಕಾಗುಣಿತವನ್ನು ತಿದ್ದಿ ಹಿಂದಕ್ಕೆ ಕೊಟ್ಟರು. ಇಬ್ಬರಲ್ಲಿ ಯಾರೂ ಗೆಲ್ಲಲಿಲ್ಲ. ಆಧಾರವನ್ನು ಕೇಳಿದವರು ಆಧಾರವಿಲ್ಲದ ಒಂದು ಅಕ್ಷರವನ್ನೂ ಬರೆಯಲಿಲ್ಲ. ಆಕೆಯ ಮಾತೆಲ್ಲಿ ಎಂದವರಿಗೆ ಆಕೆಯ ಮಾತು ದೊರಕಿತು. ನಡೆದುದನ್ನು ಹೇಳುವ ಶಾಸನಗಳುಂಟು. ನೆನೆಯುವುದೂ ನಡೆದ ಸಂಗತಿಯೇ ಎಂಬುದನ್ನು ಶಾಸನ ಬರೆಯುವವರು ಎಷ್ಟೋ ಸಲ ಗಮನಿಸುವುದಿಲ್ಲ. ಹೆಸರಿಲ್ಲದವರಿಗೆ ಊರು ಸಲ್ಲಿಸಬಹುದಾದ ಋಣವು ಇಷ್ಟೇ: ಇಲ್ಲದ ಹೆಸರನ್ನು ಕಟ್ಟಿಹೇಳುವುದಲ್ಲ, ಇರುವ ನೆನಪನ್ನು ಅಳಿಸದಿರುವುದು.

ಉದಯಪುರಕ್ಕೆ ಹೋಗುವ ವಾಚಕರು ಅರಮನೆಯನ್ನು ನೋಡದೆ ಬರಬೇಕೆಂದು ಯಾರೂ ಹೇಳಲಾರರು. ಜಗದೀಶನ ಮೆಟ್ಟಿಲುಗಳನ್ನು ಹತ್ತಲಿ. ದೋಣಿಯಲ್ಲಿ ಕುಳಿತು ಅಂಬಿಗನ ಕಥೆಯನ್ನು ಕೇಳಲಿ. ಸಂಜೆಗೆಂಪು ನೀರಿನಲ್ಲಿ ಕದಡುವುದನ್ನು ಕಣ್ತುಂಬ ನೋಡಲಿ. ಆದರೆ ದಿನದಲ್ಲಿ ಕಾಲುಗಂಟೆಯನ್ನು ಉಳಿಸಿಕೊಂಡು ಬಡೀ ಪಾಲಿನ ಮೇಲೆ ನಡೆಯುವುದನ್ನು ಮರೆಯದಿರಲಿ. ಅಲ್ಲಿ ಚಿತ್ರ ತೆಗೆಯುವಂತಹುದು ಹೆಚ್ಚೇನೂ ಇಲ್ಲ. ಒಂದು ಕಡೆ ನೀರು, ಒಂದು ಕಡೆ ಮರಗಳು, ಕಾಲ ಕೆಳಗೆ ಯಾರೋ ಹೊತ್ತು ಹಾಕಿದ ಮಣ್ಣು.